ವೀಳ್ಯದ ಮೇಲೆ ಇಟ್ಟ ಡಿ.ಡಿ.

ಶುಕ್ರವಾರ ಬೆಳಿಗ್ಗೆ ಬ್ಯಾಂಕಿನ ಬಾಗಿಲು ತೆರೆದು ಹತ್ತು ನಿಮಿಷವೂ ಆಗಿರಲಿಲ್ಲ. ಮೀನು ಮಾರುವ ಹೆಂಗಸೊಬ್ಬರು ನನ್ನ ಕೌಂಟರಿನ ಮುಂದೆ ಬಂದು, ಮೂರು ಪಿಗ್ಮಿ ಪಾಸ್‌ಪುಸ್ತಕಗಳನ್ನು ಒಂದರ ಮೇಲೊಂದು ಇಟ್ಟು, ಎಲ್ಲ ಹಣ ಇವತ್ತೇ ಬೇಕು ಎಂದರು. ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ನಾನು ಕಾಪುವಿನ ಶಾಖೆಯಲ್ಲಿ ಗುಮಾಸ್ತೆ; ಡಿಮಾಂಡ್ ಡ್ರಾಫ್ಟ್ ಬರೆಯುವ ಕೌಂಟರು ನನ್ನದು. ದಿನಾ ಉಡುಪಿಯಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಬ್ಯಾಂಕಿನ ನಿಯಮಗಳ ದಪ್ಪ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದವಳು ಶಾಖೆಯಲ್ಲಿ ನಾನೊಬ್ಬಳೇ ಎಂಬ ಜಂಬವೂ ನನಗೆ ಇತ್ತು.

ಪಿಗ್ಮಿ ಎಂದರೆ ಏಜೆಂಟರು ದಿನಾ ಮನೆಬಾಗಿಲಿಗೆ, ಅಂಗಡಿಗೆ, ಮೀನಿನ ಮಾರುಕಟ್ಟೆಗೆ ಹೋಗಿ ಎರಡು ಮೂರು ರೂಪಾಯಿ ಪಡೆದು ತಂದು ಕಟ್ಟುವ ಉಳಿತಾಯ. ಆ ಮೂರು ಪುಸ್ತಕಗಳಲ್ಲಿ ಒಂದು ಅವರದು, ಉಳಿದ ಎರಡು ಅವರ ಜೊತೆಗೇ ಬುಟ್ಟಿ ಹೊರುವ ಇಬ್ಬರು ಹೆಂಗಸರದು; ಆ ಇಬ್ಬರು ಹೆಬ್ಬೆಟ್ಟು ಒತ್ತಿದ ಒಪ್ಪಿಗೆಯ ಕಾಗದವೂ ಜೊತೆಗಿತ್ತು. ಏಳು ವರ್ಷದ ಅವಧಿ ಮುಗಿದಿತ್ತು. ಮಳೆಗಾಲದಲ್ಲಿ ದೋಣಿ ಇಳಿಯದ ತಿಂಗಳುಗಳಲ್ಲೂ ಒಣಮೀನು ಮಾರಿ ಕಟ್ಟಿದ ಹಣ ಅದು. ಮೂರೂ ಪುಸ್ತಕಗಳದ್ದು ಬಡ್ಡಿ ಸೇರಿ ಇಪ್ಪತ್ತಾರು ಸಾವಿರದ ಹತ್ತಿರ ಆಗಿತ್ತು.

ಹಣ ಯಾಕೆ ಎಂದು ಕೇಳುವುದು ನನ್ನ ಕೆಲಸವಲ್ಲ. ಆದರೂ ಕೇಳಿದೆ. ಟೆಂಪೋ ತೆಗೆದುಕೊಳ್ಳುವುದಕ್ಕೆ ಎಂದರು. ಮೂವರೂ ಕಾಪುವಿನ ಕಡಲಿನಿಂದ ಮೀನು ಎತ್ತಿ ಶಿರ್ವ, ಬೆಳ್ಮಣ್ ದಾಟಿ ಕಾರ್ಕಳದವರೆಗೆ, ಕೆಲವೊಮ್ಮೆ ಬಜಗೋಳಿಯವರೆಗೆ ಹೋಗುವವರು. ಬುಟ್ಟಿಯಿಂದ ನೀರು ಸೋರುತ್ತದೆ ಎಂದು ಬಸ್ಸಿನವರು ದಿನಾ ತಕರಾರು ಮಾಡುತ್ತಿದ್ದರು. ಒಂದು ಬಸ್ಸು ತಪ್ಪಿದರೆ ಮಧ್ಯಾಹ್ನದ ಹೊತ್ತಿಗೆ ಮೀನಿಗೆ ಅರ್ಧ ಬೆಲೆ. ಕಾರ್ಕಳದಲ್ಲಿ ಒಬ್ಬರು ಹಳೆಯ ಟೆಂಪೋ ಮಾರುತ್ತಿದ್ದಾರೆ, ಇಪ್ಪತ್ತನಾಲ್ಕು ಸಾವಿರಕ್ಕೆ ಮಾತಾಗಿದೆ, ಓಡಿಸಲು ಇವರ ತಮ್ಮ ಇದ್ದಾನೆ. ಇವತ್ತು ಶುಕ್ರವಾರ, ಒಳ್ಳೆಯ ದಿನ, ಸಂಜೆಯ ಮೊದಲು ಹಣ ಮುಟ್ಟಿಸಬೇಕು. ಮಾರುವವರು ಚೆಕ್ಕು ಬೇಡ, ನಗದು ತನ್ನಿ ಎಂದಿದ್ದಾರೆ.

ಚೆಕ್ಕು ಬೇಡ ಎಂದದ್ದರಲ್ಲಿ ತಪ್ಪೇನೂ ಇರಲಿಲ್ಲ. ಆಗ ಕಾಪುವಿನ ಚೆಕ್ಕು ಕಾರ್ಕಳದಲ್ಲಿ ಹಣವಾಗಲು ಹತ್ತು ಹದಿನೈದು ದಿನ ಬೇಕಾಗುತ್ತಿತ್ತು. ಖಾತೆಯಲ್ಲಿ ಹಣವಿಲ್ಲ ಎಂದು ಹಿಂದೆ ಬಂದರೆ ಅಲೆದಾಟ ಬೇರೆ. ನಗದು ಎಂದದ್ದು ಮಾತ್ರ ನನಗೆ ಸರಿಬರಲಿಲ್ಲ. ಇಪ್ಪತ್ತನಾಲ್ಕು ಸಾವಿರದ ನೋಟುಗಳನ್ನು ಸೊಂಟಕ್ಕೆ ಕಟ್ಟಿಕೊಂಡು ಕಿಕ್ಕಿರಿದ ಬಸ್ಸಿನಲ್ಲಿ ಒಂದೂವರೆ ಗಂಟೆ ಹೋಗುವುದೇ? ಡಿ.ಡಿ. ಮಾಡಿಸಿ ಎಂದೆ. ಈ ಕಾಗದ ಕಳೆದುಹೋದರೂ ಬೇರೆಯವರು ಹಣ ತೆಗೆಯಲಾಗದು, ಮೇಲೆ ಎರಡು ಗೆರೆ ಎಳೆಯುತ್ತೇನೆ, ಹೆಸರಿರುವವರ ಖಾತೆಗೇ ಹೋಗಬೇಕು, ಬ್ಯಾಂಕು ಹಣ ಕೊಟ್ಟೇ ಕೊಡುತ್ತದೆ, ಮಾರುವವರೂ ಬೇಡ ಎನ್ನಲಾರರು ಎಂದು ವಿವರಿಸಿದೆ.

ಅವರು ಎಲ್ಲವನ್ನೂ ಕೇಳಿ ಒಂದೇ ಪ್ರಶ್ನೆ ಕೇಳಿದರು. "ಇದು ಭದ್ರ ಅಲ್ವಾ ಅಕ್ಕ?"

ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಆದರೂ ಬ್ಯಾಂಕಿನವಳೆಂದು ನನ್ನನ್ನೇ ಅಕ್ಕ ಎನ್ನುತ್ತಿದ್ದರು; ನಾನೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ನಮ್ಮ ಮಾತೆಲ್ಲ ತುಳುವಿನಲ್ಲಿ; ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಇದಕ್ಕಿಂತ ಭದ್ರ ಬೇರೆ ಇಲ್ಲ" ಎಂದೆ.

ಅರ್ಜಿ ತುಂಬಿಸಿ ಹೆಬ್ಬೆಟ್ಟು ಒತ್ತಿಸಿದೆ. ಸಾಕ್ಷಿಗೆ ನಮ್ಮ ಜವಾನರ ಸಹಿ ಹಾಕಿಸಿದೆ. ಇಪ್ಪತ್ತನಾಲ್ಕು ಸಾವಿರ ರೂಪಾಯಿಗೆ ನಮ್ಮದೇ ಬ್ಯಾಂಕಿನ ಕಾರ್ಕಳ ಶಾಖೆಯ ಮೇಲೆ ಟೆಂಪೋ ಮಾಲಕರ ಹೆಸರಿಗೆ ಒಂದು ಡಿ.ಡಿ. ಬರೆದೆ. ಯಾರೂ ಮೊತ್ತ ತಿದ್ದದ ಹಾಗೆ ಕೆಂಪು ಶಾಯಿಯಲ್ಲಿ 'ಇಪ್ಪತ್ತೈದು ಸಾವಿರಕ್ಕೆ ಒಳಗೆ' ಎಂದು ಅಡ್ಡ ಬರೆದು, ಎರಡು ಗೆರೆ ಎಳೆದು, ಎರಡು ಸಹಿ ಹಾಕಿಸಿ ತಂದುಕೊಟ್ಟೆ. ಉಳಿದ ಹಣವನ್ನು ಮೂವರ ಖಾತೆಗೆ ಹಂಚಿ ಹಾಕಿದೆ. ಅವರು ಆ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು, ಬೆಳಕಿಗೆ ಎತ್ತಿ ನೋಡಿ, ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ ರವಿಕೆಯೊಳಗೆ ಇಟ್ಟುಕೊಂಡರು. ಹನ್ನೊಂದರ ಬಸ್ಸು ಹಿಡಿದರು. ಆ ದಿನದ ನನ್ನ ಕೆಲಸದ ಬಗ್ಗೆ ನನಗೆ ಬಹಳ ಸಮಾಧಾನವಿತ್ತು.

ಮರುದಿನ ಶನಿವಾರ. ಹನ್ನೆರಡಕ್ಕೆ ಬ್ಯಾಂಕು ಮುಚ್ಚುವ ದಿನ. ಹನ್ನೊಂದರ ಸುಮಾರಿಗೆ ಅವರು ಒಂದು ಪೊಟ್ಟಣ ಹಿಡಿದು ಬಂದರು. ಒಳಗೆ ಕಾರ್ಕಳದ ಯಾವುದೋ ಅಂಗಡಿಯ ಲಾಡು. ವ್ಯಾಪಾರ ಆಯಿತು, ಸೋಮವಾರ ಟೆಂಪೋ ತಂದು ಮನೆಬಾಗಿಲಿಗೆ ಬಿಡುತ್ತಾರೆ ಎಂದರು. ಲಾಡು ಬಾಯಿಗೆ ಹಾಕಿಕೊಂಡೇ ನಾನು ಕೇಳಿದೆ, ಆರ್.ಸಿ. ಪುಸ್ತಕ ಕೊಟ್ಟರಾ ಎಂದು. ಇಲ್ಲ, ಅದು ಉಡುಪಿಯಲ್ಲಿ ಉಂಟಂತೆ. ಉಡುಪಿಯಲ್ಲಿ ಯಾರ ಹತ್ತಿರ? ಯಾವುದೋ ಆಫೀಸಿನಲ್ಲಂತೆ. ವರ್ಗಾವಣೆಯ ಕಾಗದಕ್ಕೆ ಸಹಿ ಹಾಕಿದರಾ? ಅದು ಯಾವುದು ಎಂದು ಅವರು ನನ್ನನ್ನೇ ಕೇಳಿದರು.

ಗಾಡಿಯ ಪುಸ್ತಕ ಮಾಲಕನ ಮನೆಯಲ್ಲಿಲ್ಲದೆ ಒಂದು ಆಫೀಸಿನಲ್ಲಿದ್ದರೆ ಅದಕ್ಕೆ ಅರ್ಥ ಒಂದೇ. ಗಾಡಿಯ ಮೇಲೆ ಫೈನಾನ್ಸಿನ ಸಾಲ ಉಂಟು. ಸಾಲ ತೀರುವವರೆಗೆ ಗಾಡಿ ಯಾರ ಹೆಸರಿಗೂ ಹೋಗುವುದಿಲ್ಲ. ಕಂತು ನಿಂತರೆ ಫೈನಾನ್ಸಿನವರು ಬಂದು, ಯಾರ ಅಂಗಳದಲ್ಲಿ ಇದ್ದರೂ, ಎಳೆದುಕೊಂಡು ಹೋಗುತ್ತಾರೆ. ಕೈಯಲ್ಲಿ ಉಳಿದ ಅರ್ಧ ಲಾಡನ್ನು ಪೊಟ್ಟಣದ ಮೇಲೆ ಇಟ್ಟೆ.

ಡಿ.ಡಿ. ಕೊಟ್ಟದ್ದು ಹೇಗೆ ಎಂದು ಕೇಳಿದೆ. ಅವರು ನಡೆದದ್ದನ್ನು ನಡೆದ ಹಾಗೆ ಹೇಳಿದರು. ಮಾತು ಗಟ್ಟಿಯಾಗುವಾಗ ನಮ್ಮ ಕಡೆ ವೀಳ್ಯದೆಲೆ, ಅಡಿಕೆಯ ಮೇಲೆ ಸ್ವಲ್ಪ ಹಣ ಇಟ್ಟು ಕೊಡುವುದು ಕ್ರಮ. ನೂರಾ ಒಂದೋ ಐವತ್ತೊಂದೋ. ಉಳಿದ ಹಣ ಸೊಂಟದಲ್ಲೇ ಇರುತ್ತದೆ, ವಸ್ತು ಕೈಗೆ ಬಂದ ಮೇಲೆ ಬಿಚ್ಚುವುದು. ಕಡಲಕರೆಯಲ್ಲಿ ಮೀನಿನ ಏಲಂ ಆಗುವಾಗಲೂ ಹಾಗೆಯೇ, ಬುಟ್ಟಿ ತಲೆಗೆ ಏರಿದ ಮೇಲೆ ದುಡ್ಡು. ಅವರು ಮೂವತ್ತು ವರ್ಷ ಮಾಡಿಕೊಂಡು ಬಂದ ವ್ಯಾಪಾರ ಅದು. ಆದರೆ ಶುಕ್ರವಾರ ಅವರ ಕೈಯಲ್ಲಿ ಇದ್ದದ್ದು ಒಂದೇ ಕಾಗದ. ಅದರಿಂದ ನೂರಾ ಒಂದನ್ನು ಬೇರೆ ಮಾಡುವುದು ಹೇಗೆ? ಬಸ್ಸಿನ ದುಡ್ಡು ಬಿಟ್ಟರೆ ಬೇರೆ ಹಣ ತೆಗೆದುಕೊಂಡು ಹೋಗಿರಲಿಲ್ಲ. ಬ್ಯಾಂಕಿನವಳೇ ಭದ್ರ ಎಂದಿದ್ದಾಳಲ್ಲ ಎಂದು ಇಡೀ ಡಿ.ಡಿ.ಯನ್ನು ವೀಳ್ಯದ ಮೇಲೆ ಇಟ್ಟು, ಎರಡೂ ಕೈಯಲ್ಲಿ ಎತ್ತಿ ಕೊಟ್ಟುಬಿಟ್ಟಿದ್ದರು.

ಡಿ.ಡಿ. ಭದ್ರ ನಿಜ. ಯಾರಿಗೆ ಭದ್ರ? ದಾರಿಯಲ್ಲಿ ಕಳ್ಳನಿಂದ ಭದ್ರ. ಮಾರುವವನಿಗೆ, ಖಾಲಿ ಖಾತೆಯ ಚೆಕ್ಕಿನಿಂದ ಭದ್ರ. ಮಾರುವವನಿಂದ ಕೊಳ್ಳುವವರಿಗೆ ಅದರಲ್ಲಿ ಯಾವ ಭದ್ರತೆಯೂ ಇಲ್ಲ. ನಿಯಮಗಳ ಪುಸ್ತಕ ಓದಿದ ನನಗೆ ಇದು ಗೊತ್ತಿತ್ತು, ಆದರೆ ಹೇಳಬೇಕೆಂದು ಹೊಳೆದಿರಲಿಲ್ಲ. ನಗದು ಕೊಟ್ಟು ಕಳಿಸಿದ್ದರೆ ಅವರು ತಮ್ಮ ಕ್ರಮದ ಪ್ರಕಾರ ನೂರಾ ಒಂದು ಇಟ್ಟು ಬರುತ್ತಿದ್ದರು. ಅವರ ಕೈಯಲ್ಲಿದ್ದ ಜಾಗ್ರತೆಯನ್ನು ಕಿತ್ತುಕೊಂಡು ನಾನು ಒಂದು ಕಾಗದ ಕೊಟ್ಟಿದ್ದೆ.

ಮ್ಯಾನೇಜರರ ಕೋಣೆಗೆ ಹೋಗಿ ವಿಷಯ ಹೇಳಿದೆ. ನಿವೃತ್ತಿಗೆ ಎರಡು ವರ್ಷ ಇದ್ದವರು, ಯಾವುದಕ್ಕೂ ದನಿ ಏರಿಸಿದವರಲ್ಲ. ಕಾರ್ಕಳ ಶಾಖೆಗೆ ಟ್ರಂಕ್ ಕಾಲ್ ಮಾಡಿ ಹಣ ನಿಲ್ಲಿಸಬಹುದೇ ಎಂದು ಕೇಳಿದೆ. ಉತ್ತರ ನನಗೆ ಗೊತ್ತಿದ್ದದ್ದೇ.

"ನೋಡಿ ಮಾರಾಯ್ರೆ, ಚೆಕ್ಕು ಗಿರಾಕಿಯ ಮಾತು. ಅದನ್ನು ಗಿರಾಕಿ ನಿಲ್ಲಿಸಬಹುದು. ಡಿ.ಡಿ. ಬ್ಯಾಂಕಿನ ಮಾತು. ಒಮ್ಮೆ ಹೆಸರಿದ್ದವರ ಕೈಸೇರಿದ ಮೇಲೆ ನಾವು ನಿಲ್ಲಿಸುವ ಹಾಗಿಲ್ಲ" ಎಂದರು. ಡಿ.ಡಿ.ಯ ಅಸಲು ಕಾಗದ ಮರಳಿ ಬಂದರೆ ಮಾತ್ರ ರದ್ದು ಮಾಡಬಹುದು. ಅದನ್ನು ಪಡೆದವರು ತಾವಾಗಿ ಕೊಡಬೇಕು. ನಾನು ಕಾರ್ಕಳಕ್ಕೆ ಹೋಗಿ ಕೇಳುತ್ತೇನೆ ಎಂದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಹೋಗುವುದಾದರೆ ಬ್ಯಾಂಕಿನವರಾಗಿ ಹೋಗಬೇಡಿ, ಬ್ಯಾಂಕಿನ ಹೆಸರಿನಲ್ಲಿ ಯಾರನ್ನೂ ಹೆದರಿಸಬೇಡಿ ಎಂದಷ್ಟೇ ಹೇಳಿದರು.

ಕೌಂಟರಿಗೆ ಮರಳಿದಾಗ ನನ್ನ ಕಣ್ಣು ಟಪಾಲಿನ ತಟ್ಟೆಯ ಮೇಲೆ ಬಿತ್ತು. ಡಿ.ಡಿ. ಬರೆದ ಶಾಖೆಯು ಹಣ ಕೊಡಬೇಕಾದ ಶಾಖೆಗೆ ಒಂದು ಸೂಚನಾಪತ್ರ ಕಳಿಸಬೇಕು; ನಾವು ಅದನ್ನು ಅಡ್ವೈಸ್ ಎನ್ನುತ್ತಿದ್ದೆವು. ಶುಕ್ರವಾರದ ಅಡ್ವೈಸು ಇನ್ನೂ ತಟ್ಟೆಯಲ್ಲೇ ಇತ್ತು. ಅಡ್ವೈಸ್ ಇಲ್ಲದೆ ದೊಡ್ಡ ಮೊತ್ತದ ಡಿ.ಡಿ. ಬಂದರೆ ಕೆಲವು ಶಾಖೆಯವರು ಹಣ ಕೊಡುತ್ತಿದ್ದರು, ಕೆಲವರು ತಿರುಗಿ ಕಳಿಸುತ್ತಿದ್ದರು. ಕಾರ್ಕಳದ ಅಕೌಂಟೆಂಟರು ತಿರುಗಿ ಕಳಿಸುವ ಪೈಕಿ. ಆ ಲಕೋಟೆ ಟಪಾಲಿಗೆ ಬೀಳದಿದ್ದರೆ ಸಾಕು, ಸೋಮವಾರ ಹಣ ಸಿಗುವುದಿಲ್ಲ, ನಾಲ್ಕಾರು ದಿನ ಸಿಕ್ಕಿದ ಹಾಗೆ. ಅಂಚೆ ತಡವಾಯಿತು ಎಂದರೆ ಯಾರೂ ಪ್ರಶ್ನಿಸುವುದಿಲ್ಲ.

ನಾನು ಲಕೋಟೆಯನ್ನು ಎತ್ತಿ ನನ್ನ ಕೈಚೀಲದಲ್ಲಿ ಹಾಕಿಕೊಂಡೆ. ಯಾರೂ ನೋಡಲಿಲ್ಲ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಮಾಡಿದ್ದು ಹೌದು.

ಹನ್ನೆರಡಕ್ಕೆ ಬ್ಯಾಂಕು ಮುಚ್ಚಿತು. ಮನೆಗೆ ತಡವಾಗಿ ಬರುತ್ತೇನೆಂದು ಉಡುಪಿಗೆ ಹೋಗುವ ಸಹೋದ್ಯೋಗಿಯೊಬ್ಬರ ಹತ್ತಿರ ಹೇಳಿ ಕಳಿಸಿ, ಮೀನಿನ ಅಕ್ಕನ ಜೊತೆ ಬಸ್ಸು ನಿಲ್ಲುವಲ್ಲಿಗೆ ನಡೆದೆ. ದಾರಿಯಲ್ಲಿ ಅಂಚೆ ಕಚೇರಿ. ಅದರ ಮುಂದೆ ಬಂದಾಗ ಕಾಲು ಮುಂದೆ ಹೋಗಲಿಲ್ಲ. ನಾನು ಬರೆದ ಕಾಗದಕ್ಕೆ ಬ್ಯಾಂಕು ಹಣ ಕೊಟ್ಟೇ ಕೊಡುತ್ತದೆ ಎಂದು ನಿನ್ನೆ ಬಾಯಾರೆ ಹೇಳಿದವಳು ನಾನೇ. ಈಗ ಆ ಮಾತನ್ನು ಕೈಚೀಲದಲ್ಲಿ ಮುಚ್ಚಿಟ್ಟುಕೊಂಡು ಹೋಗುತ್ತಿದ್ದೆ. ಒಮ್ಮೆ ಹೀಗೆ ಮಾಡಿದರೆ ಮತ್ತೆ ಕೌಂಟರಿನಲ್ಲಿ ಕೂತು ಯಾರಿಗೂ ಏನೂ ಹೇಳುವ ಮುಖ ನನಗೆ ಇರುವುದಿಲ್ಲ ಅನಿಸಿತು. ಲಕೋಟೆಯನ್ನು ತೆಗೆದು ಡಬ್ಬಕ್ಕೆ ಹಾಕಿದೆ. ಅದು ಏನೆಂದು ಅಕ್ಕ ಕೇಳಲಿಲ್ಲ, ನಾನು ಹೇಳಲೂ ಇಲ್ಲ. ಇನ್ನು ಸೋಮವಾರ ಬೆಳಿಗ್ಗೆ ಆ ಡಿ.ಡಿ. ಯಾವ ಅಡ್ಡಿಯೂ ಇಲ್ಲದೆ ಹಣವಾಗುತ್ತದೆ. ನಮಗೆ ಉಳಿದದ್ದು ಆ ಮಧ್ಯಾಹ್ನ ಮತ್ತು ಭಾನುವಾರ.

ಬಸ್ಸಿನ ಕಂಡಕ್ಟರು ಅಕ್ಕನನ್ನು ನೋಡಿ, ಇವತ್ತು ಬುಟ್ಟಿ ಎಲ್ಲಿ, ಬಸ್ಸಿಗೆ ಸ್ನಾನ ಮಾಡಿಸುವುದು ಬೇಡವಾ ಎಂದು ತಮಾಷೆ ಮಾಡಿದ. ಬೇರೆ ದಿನವಾಗಿದ್ದರೆ ಅವನ ನೀರಿಳಿಸುತ್ತಿದ್ದರೋ ಏನೋ. ಅವರು ಕಿಟಕಿಯಿಂದ ಆಚೆ ನೋಡುತ್ತಾ ಕೂತಿದ್ದರು. ಬೆಳ್ಮಣ್ ದಾಟಿದ ಮೇಲೆ ಒಂದೇ ಮಾತು ಹೇಳಿದರು. ಉಳಿದಿಬ್ಬರಿಗೆ ತಾನು ಏನೂ ಹೇಳಿಲ್ಲ, ಅವರಲ್ಲಿ ಒಬ್ಬಳು ಮಗಳ ಮದುವೆ ಮುಂದೆ ಹಾಕಿ ಈ ಹಣ ಕೊಟ್ಟದ್ದು ಎಂದರು. ನನ್ನ ಮೇಲೆ ಕೋಪ ಮಾಡಿದ್ದರೆ ಒಳ್ಳೆಯದಿತ್ತು. ಅವರು ಮಾಡಲಿಲ್ಲ.

ಟೆಂಪೋ ಮಾಲಕರ ಮನೆ ಕಾರ್ಕಳದ ಬಸ್‌ಸ್ಟ್ಯಾಂಡಿನಿಂದ ಅರ್ಧ ಮೈಲಿ. ಭೂಸುಧಾರಣೆಯಲ್ಲಿ ಗದ್ದೆಗಳು ಒಕ್ಕಲುಗಳಿಗೆ ಹೋದ ಮೇಲೆ, ಪರಿಹಾರದ ಹಣಕ್ಕೆ ಸಾಲ ಸೇರಿಸಿ ಟೆಂಪೋ ತೆಗೆದು ಹೆಬ್ರಿ, ಬಜಗೋಳಿ ಕಡೆಯಿಂದ ಸಾಮಾನು ಸಾಗಿಸುತ್ತಿದ್ದವರು. ಶುಭ್ರವಾದ ಪಂಚೆ, ಹೆಗಲಿಗೆ ಶಾಲು. ನಮ್ಮನ್ನು ಚಾವಡಿಯಲ್ಲಿ ಕೂರಿಸಿ ಬೆಲ್ಲ, ನೀರು ಕೊಡಿಸಿದರು. ಟೆಂಪೋ ಅಂಗಳದಲ್ಲೇ ನಿಂತಿತ್ತು. ಹೊಸದಾಗಿ ತೊಳೆದಿದ್ದರು. ಮೋಸ ಮಾಡುವವರ ಮನೆ ಹೀಗಿರುವುದಿಲ್ಲ ಅನಿಸಿ ನನಗೆ ಇನ್ನಷ್ಟು ಕಷ್ಟವಾಯಿತು.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಆದರೆ ಬ್ಯಾಂಕಿನ ಪರವಾಗಿ ಬಂದಿಲ್ಲ ಎಂದು ಮೊದಲೇ ಹೇಳಿದೆ. ಆಮೇಲೆ ಸಾಲದ ಬಗ್ಗೆ ಕೇಳಿದೆ. ಅವರು ಅಡಗಿಸಲಿಲ್ಲ. ಉಡುಪಿಯ ಫೈನಾನ್ಸಿಗೆ ಒಂಬತ್ತು ಸಾವಿರದ ನಾನೂರು ಬಾಕಿ ಉಂಟು, ಸೋಮವಾರ ಡಿ.ಡಿ. ಖಾತೆಗೆ ಹಾಕಿ, ಹಣ ತೆಗೆದು ಅವರಿಗೆ ಕಟ್ಟಿ, ಪುಸ್ತಕ ಬಿಡಿಸಿಕೊಂಡು ಟೆಂಪೋ ತಲುಪಿಸುತ್ತೇನೆ ಎಂದರು. ಡಿ.ಡಿ. ಎಲ್ಲಿದೆ ಎಂದು ಕೇಳಿದಾಗ, ಶುಕ್ರವಾರ ಮನೆಗೆ ಬಂದ ಲಕ್ಷ್ಮಿಯನ್ನು ಅದೇ ದಿನ ಹೊರಗೆ ಕಳಿಸುವುದಿಲ್ಲವೆಂದು ದೇವರ ಕೋಣೆಯಲ್ಲಿ ಇಟ್ಟಿದ್ದೇನೆ, ಇವತ್ತು ಬಜಗೋಳಿಗೆ ಹೋಗಿ ಬರುವಷ್ಟರಲ್ಲಿ ಬ್ಯಾಂಕು ಮುಚ್ಚಿತು ಎಂದರು. ಕಾಗದ ಇನ್ನೂ ಮನೆಯಲ್ಲೇ ಇತ್ತು.

ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದನ್ನು ಹೇಳಿದೆ. ಈ ಡಿ.ಡಿ.ಯನ್ನು ಮರಳಿ ಕೊಡಿ. ಸೋಮವಾರ ಅದನ್ನು ರದ್ದು ಮಾಡಿ ಎರಡು ಬೇರೆ ಡಿ.ಡಿ. ಮಾಡಿಸುತ್ತೇವೆ. ಫೈನಾನ್ಸಿನ ಬಾಕಿಗೆ ಫೈನಾನ್ಸಿನವರ ಹೆಸರಿಗೇ ಒಂದು. ಅದನ್ನು ನಾವೇ ಅಲ್ಲಿ ಕೊಟ್ಟು ಪುಸ್ತಕ ಪಡೆಯುತ್ತೇವೆ. ನೀವು ವರ್ಗಾವಣೆಯ ಫಾರ್ಮಿಗೆ ಸಹಿ ಹಾಕಿದ ಕೂಡಲೇ ಅಲ್ಲೇ ನಿಮ್ಮ ಹೆಸರಿನದು ನಿಮ್ಮ ಕೈಗೆ. ಬೆಲೆಯಲ್ಲಿ ಒಂದು ಪೈಸೆ ಕಡಿಮೆ ಇಲ್ಲ.

ಅವರ ಮುಖ ಕಪ್ಪಿಟ್ಟಿತು. ಮಗಳ ಪ್ರಾಯದ ಹುಡುಗಿಯೊಬ್ಬಳು ತನ್ನ ಚಾವಡಿಯಲ್ಲಿ ಕೂತು ತನಗೆ ವ್ಯವಹಾರ ಕಲಿಸುವುದು ಅವರಿಗೆ ಹಿಡಿಸಲಿಲ್ಲ. ಕೊಟ್ಟದ್ದನ್ನು ಹಿಂದೆ ಕೇಳುವುದು ಯಾವ ಊರಿನ ಕ್ರಮ, ತನ್ನನ್ನು ಏನೆಂದು ತಿಳಿದಿದ್ದೀರಿ ಎಂದರು. ದೇವರ ಮುಂದೆ ಇಟ್ಟದ್ದನ್ನು ಎತ್ತಿ ಕೊಡುವುದಿಲ್ಲ ಎಂದೂ ಹೇಳಿದರು. ಆಮೇಲೆ ನನ್ನ ಕಡೆಗೆ ತಿರುಗಿದರು.

"ನೀವು ಬ್ಯಾಂಕಿನವರಲ್ವಾ? ಸತ್ಯ ಹೇಳಿ. ನಾನು ಕೊಡುವುದಿಲ್ಲ ಎಂದರೆ ಸೋಮವಾರ ಈ ಡಿ.ಡಿ. ಪಾಸ್ ಆಗುತ್ತದಾ ಇಲ್ವಾ?"

ಇಲ್ಲ ಎಂದಿದ್ದರೆ ಆಗುತ್ತಿತ್ತು. ಅವರಿಗೆ ಡಿ.ಡಿ.ಯ ನಿಯಮ ಗೊತ್ತಿರಲಿಲ್ಲ. ನಾವು ನಿಲ್ಲಿಸಿದ್ದೇವೆ ಎಂದರೆ ನಂಬುತ್ತಿದ್ದರು, ಕಾಗದ ಆಗಲೇ ಹೊರಗೆ ಬರುತ್ತಿತ್ತು. ಅಕ್ಕ ನನ್ನನ್ನೇ ನೋಡುತ್ತಿದ್ದರು. ಇಲ್ಲ ಎಂದು ಹೇಳು ಎಂದು ಅವರ ಕಣ್ಣಿನಲ್ಲಿ ಬರೆದಿತ್ತು.

"ಆಗುತ್ತದೆ" ಎಂದೆ. "ಯಾರೂ ನಿಲ್ಲಿಸಲಿಕ್ಕಿಲ್ಲ. ನೀವಾಗಿ ಕೊಟ್ಟರೆ ಮಾತ್ರ ಉಂಟು."

ಅಕ್ಕ ತಲೆ ತಗ್ಗಿಸಿದರು. ಎಲ್ಲ ಮುಗಿಯಿತು ಎಂದೇ ನಾನು ತಿಳಿದೆ. ಆಗ ಅಕ್ಕ ಎದ್ದು, ಒಳಗಿನವರನ್ನು ಕರೆದು, ಎರಡು ವೀಳ್ಯದೆಲೆ ಮತ್ತು ಒಂದು ಅಡಿಕೆ ಕೊಡಿ ಎಂದು ಕೇಳಿ ಪಡೆದರು. ಸೊಂಟದಿಂದ ಬಟ್ಟೆಯ ಚೀಲ ಬಿಚ್ಚಿ ನೂರರ ಒಂದು ನೋಟು, ಒಂದು ರೂಪಾಯಿಯ ಒಂದು ನಾಣ್ಯ ತೆಗೆದರು. ಬ್ಯಾಂಕು ಮುಚ್ಚುವ ಮೊದಲು ತನ್ನ ಖಾತೆಯಿಂದ ನೂರೈವತ್ತು ರೂಪಾಯಿ ಬೇಕೆಂದು ಅವರು ಬಿಡಿಸಿಕೊಂಡದ್ದು ನನಗೆ ನೆನಪಾಯಿತು. ಬಸ್ಸಿಗೆ ಇಷ್ಟು ಯಾಕೆ ಎಂದು ನಾನು ಆಗ ಅಂದುಕೊಂಡಿದ್ದೆ. ಎಲ್ಲವನ್ನೂ ಎಲೆಯ ಮೇಲೆ ಇಟ್ಟು ಅವರು ಮಾಲಕರ ಮುಂದೆ ಹಿಡಿದರು.

"ಧಣಿ, ನಿಮ್ಮ ಮಾತಿನಲ್ಲಿ ತಪ್ಪಿಲ್ಲ. ತಪ್ಪು ನನ್ನದು. ವೀಳ್ಯದ ಮೇಲೆ ನೂರಾ ಒಂದು ಇಡುವಲ್ಲಿ ಮೂರು ಜನರ ಏಳು ವರ್ಷ ಇಟ್ಟುಬಿಟ್ಟೆ. ನಿನ್ನೆಯದ್ದು ಕ್ರಮ ಆಗಲಿಲ್ಲ. ಕ್ರಮದ್ದು ಇದು. ಇದನ್ನು ದೇವರ ಹತ್ತಿರ ಇಡಿ, ಅದನ್ನು ಕೊಡಿ. ವ್ಯಾಪಾರ ನಿನ್ನೆ ಆದದ್ದೇ."

ಮಾಲಕರು ಆ ಎಲೆಯನ್ನು ಬಹಳ ಹೊತ್ತು ನೋಡಿದರು. ಕೊಟ್ಟದ್ದನ್ನು ಹಿಂದೆ ಕೇಳುವುದು ಬೇರೆ, ತಪ್ಪಿದ ಕ್ರಮವನ್ನು ಸರಿಮಾಡುವುದು ಬೇರೆ. ಮೊದಲನೆಯದಕ್ಕೆ ಅವರು ಜನ್ಮದಲ್ಲಿ ಒಪ್ಪುವವರಲ್ಲ. ಎರಡನೆಯದಕ್ಕೆ ಬೇಡ ಎನ್ನುವುದು ಅವರಿಂದ ಆಗುವಂಥದ್ದಲ್ಲ. ನನ್ನ ಫಾರ್ಮು, ಫೈನಾನ್ಸು, ನಿಯಮಗಳ ಪುಸ್ತಕ ಯಾವುದಕ್ಕೂ ಸಿಗದ ದಾರಿ ಎರಡು ಎಲೆಗೆ ಸಿಕ್ಕಿತು. ಅವರು ಎರಡೂ ಕೈಯಲ್ಲಿ ವೀಳ್ಯ ಪಡೆದು ಒಳಗೆ ಹೋದರು. ಬರುವಾಗ ಕೈಯಲ್ಲಿ ನನ್ನ ಅಕ್ಷರದ ಡಿ.ಡಿ. ಇತ್ತು, ಒಂದು ಮೂಲೆಗೆ ಕುಂಕುಮ ತಾಗಿತ್ತು. ಅದನ್ನು ಅಕ್ಕನ ಕೈಗೆ ಕೊಡುತ್ತಾ, ಬ್ಯಾಂಕಿನ ಮಗು ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ ಎಂದರು. ನನಗೆ ಅಳು ಬಂತು. ಅದನ್ನು ಮುಚ್ಚಲು ನೀರಿನ ಲೋಟ ಎತ್ತಿಕೊಂಡೆ.

ಸೋಮವಾರ ಬೆಳಿಗ್ಗೆ ಮೊದಲ ಕೆಲಸ, ಡಿ.ಡಿ. ರದ್ದು. ಹಿಂಬದಿಯಲ್ಲಿ ಅಕ್ಕನ ಹೆಬ್ಬೆಟ್ಟು, ಸಾಕ್ಷಿಯ ಸಹಿ, ರದ್ದತಿಯ ಶುಲ್ಕ, ಕಾರ್ಕಳ ಶಾಖೆಗೆ ಅಡ್ವೈಸನ್ನು ರದ್ದು ಮಾಡಿದ ಪತ್ರ. ಲಕೋಟೆಯ ವಿಷಯವನ್ನೂ ಮ್ಯಾನೇಜರರಿಗೆ ಹೇಳಿದೆ. ಟಪಾಲಿಗೆ ಹಾಕಿದ್ದೀರಲ್ಲ ಎಂದರು. ಹಾಕಿದೆ, ಆದರೆ ಕೈಚೀಲದಲ್ಲಿ ಇಟ್ಟುಕೊಂಡು ಹೊರಟದ್ದೂ ಹೌದು ಎಂದೆ. ಬ್ಯಾಂಕಿನ ಕಾಗದ ಕೈಚೀಲಕ್ಕೆ ಹೋದದ್ದಕ್ಕೆ ಒಂದು ಮೆಮೋ ಕೊಟ್ಟರು. ಅದು ನನ್ನ ಸೇವಾಪುಸ್ತಕದಲ್ಲಿ ಉಳಿಯಿತು. ನಾನು ಸಹಿ ಹಾಕಿ ಪಡೆದೆ.

ಆಮೇಲೆ ಹೊಸದಾಗಿ ಬರೆಯಲು ಕೂತೆವು. ಒಂಬತ್ತು ಸಾವಿರದ ನಾನೂರಕ್ಕೆ ಫೈನಾನ್ಸಿನ ಹೆಸರಿಗೆ ಒಂದು. ವೀಳ್ಯದ ಒಂದು ರೂಪಾಯಿ ಬಿಟ್ಟು ನೂರು ಕಳೆದು ಉಳಿದ ಹದಿನಾಲ್ಕು ಸಾವಿರದ ಐನೂರಕ್ಕೆ ಮಾಲಕರ ಹೆಸರಿಗೆ ಇನ್ನೊಂದು ಎಂದು ನಾನು ಅರ್ಜಿ ತುಂಬುತ್ತಿದ್ದೆ. ಅಕ್ಕ ಕೈ ಅಡ್ಡ ಹಿಡಿದರು. ಪುಸ್ತಕದಲ್ಲಿ ತಮ್ಮ ಹೆಸರು ಏರುವವರೆಗೆ ಎರಡು ಸಾವಿರ ತಮ್ಮ ಹತ್ತಿರವೇ ಇರಲಿ ಎಂದರು. ಅದಕ್ಕೆ ಮಾಲಕರು ಒಪ್ಪಿದ್ದಾರಾ ಎಂದೆ. ನಿನ್ನೆ ತಮ್ಮನನ್ನು ಕಳಿಸಿ ಕೇಳಿಸಿದ್ದೇನೆ, ಒಪ್ಪಿದ್ದಾರೆ ಎಂದರು. ಹೆಸರು ಬದಲಾಗಲು ಕಾಗದ ಮಂಗಳೂರಿನ ಆರ್.ಟಿ.ಓ. ಕಚೇರಿಗೆ ಹೋಗಬೇಕು, ಅಲ್ಲಿ ಒಂದು ಸಹಿ ತಪ್ಪಿದರೆ ಮಾಲಕರು ಮತ್ತೆ ಬರಬೇಕು. ಎಲ್ಲ ಹಣ ಕೈಗೆ ಬಂದವರು ಮತ್ತೆ ಬರುತ್ತಾರೆಯೇ? ಇದು ನನಗೆ ಹೊಳೆದಿರಲಿಲ್ಲ. ಎರಡನೇ ಡಿ.ಡಿ.ಯನ್ನು ಹನ್ನೆರಡು ಸಾವಿರದ ಐನೂರಕ್ಕೆ ಬರೆದೆ.

ಬುಧವಾರ ರಜೆ ಹಾಕಿ ಅವರ ಜೊತೆ ಉಡುಪಿಯ ಫೈನಾನ್ಸ್ ಆಫೀಸಿಗೆ ಹೋದೆ. ಮಾಲಕರೂ ಬಂದಿದ್ದರು. ಫೈನಾನ್ಸಿನವರು ಡಿ.ಡಿ. ನೋಡಿ, ಸಾಲ ತೀರಿದ ಪತ್ರ ಮತ್ತು ಆರ್.ಸಿ. ಪುಸ್ತಕ ಮೇಜಿನ ಮೇಲೆ ಇಟ್ಟರು. ನಾನು ಎಂಜಿನ್ ನಂಬರನ್ನು ಪುಸ್ತಕದಲ್ಲಿ ನೋಡಿ, ಕೆಳಗೆ ಇಳಿದು ಟೆಂಪೋದಲ್ಲಿ ನೋಡಿ ಬಂದೆ. ಮಾಲಕರು ಫಾರ್ಮುಗಳಿಗೆ ಸಹಿ ಹಾಕಿದರು. ಅಕ್ಕ ಕೀ ಪಡೆದು, ಅದನ್ನು ಮುಷ್ಟಿಯಲ್ಲಿ ಹಿಡಿದು, ಆಮೇಲೆ ಎರಡನೇ ಡಿ.ಡಿ. ಕೊಟ್ಟರು. ಅವರ ತಮ್ಮ ಟೆಂಪೋವನ್ನು ಕಾಪುವಿಗೆ ಓಡಿಸಿಕೊಂಡು ಹೋದ.

ಹೆಸರು ಬದಲಾಗಲು ಒಂದೂವರೆ ತಿಂಗಳು ಹಿಡಿಯಿತು. ಆ ಎರಡು ಸಾವಿರ ಪಡೆಯಲು ಮಾಲಕರು ತಾವೇ ಕಾಪುವಿಗೆ ಬಂದರು. ಅಕ್ಕ ಆರ್.ಸಿ. ಪುಸ್ತಕ ತಂದು ನನ್ನ ಕೌಂಟರಿನ ಮೇಲೆ ತೆರೆದಿಟ್ಟರು. ಅವರ ಹೆಸರು ಅದರಲ್ಲಿತ್ತು. ಹಣ ನಗದಾಗಿಯೇ ಕೊಡುತ್ತೇನೆ ಎಂದು ನನ್ನ ಮುಂದೆಯೇ ಎಣಿಸಿದರು. ಮಾಲಕರು ಹಣ ಒಳಗಿಟ್ಟುಕೊಂಡರೂ ಹೊರಡಲಿಲ್ಲ. ಶಾಲನ್ನು ಸರಿಮಾಡಿಕೊಂಡು ಅಲ್ಲೇ ನಿಂತರು.

"ಒಂದು ಹೇಳಲಿಕ್ಕುಂಟು" ಎಂದರು. "ಆ ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಮೂರು ಜನ ನನ್ನ ಬಾಗಿಲಿಗೆ ಬಂದಿದ್ದರು. ಟೆಂಪೋ ಮಾರಿದೆ ಎಂದು ಸುದ್ದಿ ಹೋಗಿತ್ತು. ಅಂಗಡಿ ಬಾಕಿ, ಡೀಸೆಲಿನ ಬಾಕಿ, ಕೈಸಾಲ. ನಾನು ಕೆಟ್ಟವನಲ್ಲ. ಫೈನಾನ್ಸಿಗೆ ಕಟ್ಟಬೇಕು ಎಂದೇ ಇತ್ತು. ಆದರೆ ಆ ಕಾಗದ ಮನೆಯಲ್ಲಿ ಇದ್ದಿದ್ದರೆ, ಅವತ್ತೇ ಹಣ ಮಾಡಿ ಅವರಿಗೆ ಕೊಟ್ಟುಬಿಡುತ್ತಿದ್ದೆ."

ಇಷ್ಟು ದಿನ ನಾನು ಅವರನ್ನು ಒಳ್ಳೆಯವರೋ ಕೆಟ್ಟವರೋ ಎಂದು ತೂಗುತ್ತಲೇ ಇದ್ದೆ, ಒಳ್ಳೆಯವರೆಂದು ತೀರ್ಮಾನವನ್ನೂ ಮಾಡಿದ್ದೆ. ಆ ತೀರ್ಮಾನ ಸರಿಯೇ ಇತ್ತು. ಅದರಿಂದ ಮೂರು ಹೆಂಗಸರ ಹಣ ಉಳಿಯುತ್ತಿರಲಿಲ್ಲ ಎಂಬುದೂ ಅಷ್ಟೇ ಸರಿ.

ಅಕ್ಕ ಆರ್.ಸಿ. ಪುಸ್ತಕವನ್ನು ಮಡಚಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡರು.

"ಗೊತ್ತು ಧಣಿ" ಎಂದರು. "ನಾನಾಗಿದ್ದರೂ ಕೊಡುತ್ತಿದ್ದೆ."